ಪಾದಚಾರಿ ಮಾರ್ಗಕ್ಕೆ ಸೈಕಲ್ ಏರುವುದೇಕೆ?

ಮಾನ್ಯರೇ,

ಸೈಕಲ್ ಸವಾರರು ಪಾದಚಾರಿ ಮಾರ್ಗ ಏರುತ್ತಾರೆಂಬ ದೂರು ನ್ಯಾಯವಾದದ್ದೇ. ಆದರೆ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬಗಳನ್ನು ನೆಟ್ಟು ಗುರುತಿಸಿದ್ದ ಸೈಕಲ್ ಪಥ ಅಳಿದುಹೋದ ಮೇಲೆ, ಎಡ ಅಂಚಿನಲ್ಲೇ ಸಾಗಬೇಕಾದ ನಮಗೆ ಉಳಿದಿರುವುದು ನಿಲ್ಲಿಸಿದ ಆಟೊಗಳು, ಚರಂಡಿಯ ಜಾಲರಿಗಳು ಮತ್ತು ಹಿಂದಿನಿಂದ ಹಾರ್ನ್ ಒತ್ತುತ್ತ ಬರುವ ಬಸ್ಸುಗಳು ಮಾತ್ರ. ಕಳೆದ ವಾರ ಜಾಲರಿಯ ಸೀಳಿನಲ್ಲಿ ಮುಂಚಕ್ರ ಸಿಕ್ಕಿಕೊಂಡು ನಾನು ಬಿದ್ದಾಗ, ಮೊಣಕೈಯಿಂದ ಒಂದು ಗೇಣು ದೂರದಲ್ಲಿ ಟೆಂಪೊ ಹಾದುಹೋಯಿತು. ಅಂದಿನಿಂದ ರಸ್ತೆಯ ಆ ಭಾಗದಲ್ಲಿ ನಾನೂ ಪಾದಚಾರಿ ಮಾರ್ಗದ ಕಲ್ಲುಚಪ್ಪಡಿಯ ಮೇಲೆಯೇ ಹೋಗುತ್ತೇನೆ. ಎದುರಿಗೆ ವೃದ್ಧರೋ ಮಕ್ಕಳೋ ಬಂದರೆ ಇಳಿದು ಸೈಕಲ್ ತಳ್ಳುತ್ತೇನೆ. ನಡೆಯುವವರ ಜಾಗ ಕಸಿಯುವ ಆಸೆ ನಮಗಿಲ್ಲ. ಜಾಲರಿಗಳ ಸೀಳು ರಸ್ತೆಗೆ ಅಡ್ಡಲಾಗಿರುವಂತೆ ಕೂರಿಸಿ, ಎಡ ಅಂಚಿನ ವಾಹನ ನಿಲುಗಡೆಯನ್ನು ತಡೆದು, ಪಥವನ್ನು ಮರಳಿ ಗುರುತಿಸುವ ಕೆಲಸವನ್ನು ಸಂಬಂಧಪಟ್ಟವರು ಈ ಮಳೆಗಾಲಕ್ಕೆ ಮುನ್ನವೇ ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ.

— ಸೈಕಲ್ ಸವಾರ, ಬೆಂಗಳೂರು