ರಾತ್ರಿ ಡ್ಯೂಟಿಯ ಮಗಳಿಗೆ

ಬೆಳಗಾವಿ, ಕ್ಯಾಂಪ್

ಪ್ರೀತಿಯ ಮಗಳೇ,

ನಿನ್ನ ಉದ್ದನೆಯ ಮೆಸೇಜ್ ಮೂರು ಸಲ ಓದಿದೆ. ಫೋನಿನಲ್ಲಿ ಉತ್ತರ ಬರೆಯಲು ಮನಸ್ಸಾಗಲಿಲ್ಲ, ಅದಕ್ಕೇ ಈ ಕಾಗದ. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ದುಡಿದು ಬಂದ ಮೇಲೆ ವಿಜಯಪುರದ ಬಿಸಿಲಿನಲ್ಲಿ ಹಗಲು ನಿದ್ದೆ ಹತ್ತುತ್ತದೆಯೇ? ಕಿಟಕಿಗೆ ದಪ್ಪನೆಯ ಪರದೆ ಹಾಕಿಕೋ.

ಕಾನ್ವೆಂಟಿನ ಸಿಸ್ಟರ್ಸ್ ತರಹ ದಿನಕ್ಕೆ ಏಳು ಹೊತ್ತು ಪ್ರಾರ್ಥನೆ ಹೇಳಬೇಕೆಂದು ಶುರು ಮಾಡಿದೆ, ಎರಡೇ ವಾರಕ್ಕೆ ತಪ್ಪಿತು, ಈಗ ಪ್ರಾರ್ಥನೆಯ ಪುಸ್ತಕ ಮುಟ್ಟಲೂ ನಾಚಿಕೆ ಎಂದು ಬರೆದಿದ್ದೀಯ. ನಾನೂ ನಿನ್ನ ವಯಸ್ಸಿನಲ್ಲಿ ಇದನ್ನೇ ಮಾಡಿದ್ದೆ. ಟೀಚರ್ ಟ್ರೇನಿಂಗ್ ಹಾಸ್ಟೆಲಿನಲ್ಲಿ ನಡುರಾತ್ರಿ ಎದ್ದು ಕೂತೆ. ಹನ್ನೆರಡನೇ ದಿನ ಬಿಟ್ಟೆ. ಆಮೇಲೆ ಆರು ವರ್ಷ ಏನನ್ನೂ ಹೇಳಲಿಲ್ಲ. ಆ ಆರು ವರ್ಷ ನಿನಗೆ ಬರುವುದು ಬೇಡ.

ದಿನಕ್ಕೆ ಏಳು ಸಲ ನಿನ್ನನ್ನು ಹೊಗಳುತ್ತೇನೆ ಅಂತ ಬೈಬಲಿನ 119ನೇ ಕೀರ್ತನೆಯಲ್ಲಿ ಇದೆ, ನಿಜ. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದವರಿಗೆ ಅದನ್ನೇ ನಿಯಮ ಮಾಡಿದರು. ವಾರಕ್ಕೆ 150 ಕೀರ್ತನೆ ಪೂರ್ತಿ ಆಗಬೇಕು. ಆದರೆ ಅವರ ಇಡೀ ದಿನ ಅದರ ಸುತ್ತಲೇ ಕಟ್ಟಿದ್ದು, ಜೊತೆಗೆ ಹಾಡಲು ಇಡೀ ಮಠ ಇತ್ತು. 1963ರಲ್ಲಿ ನಮ್ಮ ಕಥೋಲಿಕ ಸಭೆಯ ವ್ಯಾಟಿಕನ್ ಮಹಾಸಭೆ ಬೆಳಗಿನದು ಮತ್ತು ಸಂಜೆಯದು, ಈ ಎರಡೇ ದಿನದ ಪ್ರಾರ್ಥನೆಯ ಬಿಜಾಗರಿ ಎಂದಿತು. ಆಮೇಲೆ ಬಂದ ಹೊಸ ಪುಸ್ತಕದಲ್ಲಿ ಕೀರ್ತನೆಗಳನ್ನು ನಾಲ್ಕು ವಾರಕ್ಕೆ ಹರಡಿದ್ದಾರೆ. ಇಂಗ್ಲೆಂಡಿನ ಕ್ರೈಸ್ತ ಸಭೆಯವರು 1549ರಲ್ಲೇ ಬೆಳಿಗ್ಗೆ, ಸಂಜೆ ಎರಡಕ್ಕೆ ಇಳಿಸಿದ್ದರು. ಎಲ್ಲ ಹೊತ್ತನ್ನೂ ಪಾಲಿಸುತ್ತೇವೆಂದು ಮಾತು ಕೊಟ್ಟವರು ಗುರುಗಳು, ಸನ್ಯಾಸಿಗಳು. ನೀನು ಕೊಟ್ಟಿಲ್ಲ. ಬಾಗಿಲಿಗೆ ಎರಡು ಬಿಜಾಗರಿ ಸಾಕಲ್ವಾ? ನಮ್ಮ ಪಕ್ಕದ ಮನೆಯ ಅಜ್ಜಿ ಬೆಳಿಗ್ಗೆ, ಸಂಜೆ ಇಷ್ಟಲಿಂಗ ಪೂಜೆ ತಪ್ಪಿಸುವುದಿಲ್ಲ. ಎಷ್ಟೋ ಸಲ ನನಗೆ ಹೊತ್ತು ನೆನಪಾಗುವುದೇ ಅವರ ಗಂಟೆ ಕೇಳಿ.

ಇನ್ನು ರಾತ್ರಿ ಪಾಳಿಯವರಿಗೆ ಬೆಳಗು ಯಾವುದು, ಸಂಜೆ ಯಾವುದು ಎಂದು ಕೇಳಿದ್ದೀಯ. ನನ್ನ ಅಭಿಪ್ರಾಯ ಹೇಳುತ್ತೇನೆ. ನಿನ್ನ ನಿದ್ದೆಯ ಲೆಕ್ಕ ಹಿಡಿಯಬೇಡ, ಸೂರ್ಯನ ಲೆಕ್ಕ ಹಿಡಿ. ಡ್ಯೂಟಿ ಮುಗಿಸಿ ಹೊರಗೆ ಬರುವಾಗ ಹೇಳುವುದೇ ಬೆಳಗಿನ ಪ್ರಾರ್ಥನೆ. ಅದರಲ್ಲಿ ಸ್ನಾನಿಕ ಯೋಹಾನನ ತಂದೆ ಜೆಕರೀಯನ ಹಾಡು ಬರುತ್ತದೆ. ಕತ್ತಲಲ್ಲಿ ಕೂತವರ ಮೇಲೆ ಮೇಲಿನಿಂದ ಬೆಳಕು ಮೂಡುತ್ತದೆ ಎನ್ನುವ ಹಾಡು. ರಾತ್ರಿಯಿಡೀ ವಾರ್ಡಿನಲ್ಲಿ ನಿಂತವಳಿಗೆ ಅದು ತಿಳಿದಷ್ಟು ನನಗೆ ತಿಳಿಯುವುದಿಲ್ಲ. ನಾನು ಅದನ್ನು ಚಹಾ ಕುಡಿದು ಹೇಳುವವಳು. ಸಂಜೆ ಡ್ಯೂಟಿಗೆ ಹೊರಡುವ ಮೊದಲು ಯೇಸುವಿನ ತಾಯಿ ಮರಿಯಮ್ಮನ ಸ್ತುತಿಗೀತೆ. ಮಧ್ಯಾಹ್ನದ್ದು ಬಿಡು, ಮಲಗಿಕೋ.

ಒಂದನ್ನು ಮಾತ್ರ ಬಾಯಿಪಾಠ ಮಾಡು. 134ನೇ ಕೀರ್ತನೆ. ಮೂರೇ ವಚನ. ನಮ್ಮ ಸಭೆಯವರು ರಾತ್ರಿ ಮಲಗುವ ಮೊದಲು ಹೇಳುವ ಪ್ರಾರ್ಥನೆ ಅದು, ಆದರೆ ಅದು ಕರೆಯುವುದು ದೇವರ ಮನೆಯಲ್ಲಿ ರಾತ್ರಿ ಎಚ್ಚರವಾಗಿ ನಿಂತವರನ್ನು. ಒಬ್ಬ ಪೇಷಂಟ್ ಹತ್ತಿರದಿಂದ ಇನ್ನೊಬ್ಬರ ಹತ್ತಿರ ಹೋಗುವಾಗ ಕೈ ತೊಳೆಯುತ್ತೀಯಲ್ಲ, ಅಷ್ಟರಲ್ಲಿ ಮುಗಿಯುತ್ತದೆ.

ಮೆಸೇಜಿನ ಕೊನೆಯಲ್ಲಿ ಒಂದೇ ಸಾಲು ಬರೆದಿದ್ದೆ. ನಿನ್ನ ವಾರ್ಡಿನ ಆ ಹುಡುಗ ತೀರಿಕೊಂಡ ರಾತ್ರಿ ಪ್ರಾರ್ಥನೆಯ ಒಂದು ಮಾತೂ ಬರಲಿಲ್ಲ ಅಂತ. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಪುಸ್ತಕ ಇರುವುದು ಅಂಥ ರಾತ್ರಿಗೇ, ಮಗಳೇ. ನಿಮ್ಮ ದೊಡ್ಡಪ್ಪ ತೀರಿಕೊಂಡ ವರ್ಷ ನನಗೂ ಮಾತು ಬರಲಿಲ್ಲ. ಆಗ ಬೇರೆಯವರು ಹೇಳಿಟ್ಟ ಮಾತುಗಳನ್ನು ಬೆರಳಿಟ್ಟು ಓದಿದೆ. ಅರ್ಥ ಹತ್ತದಿದ್ದರೂ ಓದಿದೆ. 88ನೇ ಕೀರ್ತನೆ ತೆಗೆದು ನೋಡು. ಬೇರೆ ಅಳುವ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗಾದರೂ ಒಂದು ಭರವಸೆಯ ಮಾತಿಗೆ ಬರುತ್ತವೆ. ಇದು ಕತ್ತಲಲ್ಲೇ ನಿಲ್ಲುತ್ತದೆ. ಆದರೂ ಪ್ರತಿ ಶುಕ್ರವಾರ ರಾತ್ರಿ ಸಭೆ ಇದನ್ನೇ ನಮ್ಮ ಬಾಯಿಗೆ ಕೊಡುತ್ತದೆ. ಅವತ್ತು ನಾನು ಖುಷಿಯಾಗಿದ್ದರೂ ಇದನ್ನೇ ಹೇಳಬೇಕು. ಮೊದಲು ನನಗೆ ಇದು ಸರಿ ಕಾಣುತ್ತಿರಲಿಲ್ಲ, ನನ್ನದಲ್ಲದ ಅಳು ನಾನ್ಯಾಕೆ ಅಳಬೇಕು ಅಂತ. ನನ್ನ ಸರದಿ ಬಂದಾಗ ತಿಳಿಯಿತು. ನಾನು ಬಾಯಿ ಬಿಡಲಾಗದೆ ಕೂತಿದ್ದಾಗಲೂ ಎಲ್ಲೋ ಯಾರೋ ಅದನ್ನು ಹೇಳುತ್ತಿದ್ದರು. ನಮ್ಮ ಕ್ಯಾಂಪ್ ಬಡಾವಣೆಯಲ್ಲೇ ಕೊಂಕಣಿಯಲ್ಲಿ, ಮರಾಠಿಯಲ್ಲಿ, ಕನ್ನಡದಲ್ಲಿ ಹೇಳುವವರಿದ್ದಾರೆ.

ತಪ್ಪಿದ ದಿನಗಳನ್ನು ಸೇರಿಸಿ ಒಟ್ಟಿಗೆ ಹೇಳಲು ಹೋಗಬೇಡ. ಹೋದದ್ದು ಹೋಯಿತು. ಪುಸ್ತಕದ ರಿಬ್ಬನ್ ಇವತ್ತಿನ ಪುಟಕ್ಕೆ ಇಡು.

ಶುಕ್ರವಾರ ನಿನಗೆ ರಾತ್ರಿ ಡ್ಯೂಟಿ ಎಂದಿದ್ದೆ. ಒಂಬತ್ತು ಗಂಟೆಗೆ ನಾನು 88 ಓದುತ್ತೇನೆ, ನೀನು ಕೆಲಸ ನೋಡಿಕೋ. ಯಾರದಾದರೂ ಸ್ಥಿತಿ ಕಷ್ಟ ಇದ್ದರೆ ಹೆಸರು ಬೇಡ, ಬೆಡ್ ನಂಬರ್ ಅಷ್ಟೇ ಕಳಿಸು.

ನಿನ್ನ
ದೊಡ್ಡವ್ವ