ವೇಗ, ಎದೆಬಡಿತ ಮತ್ತು ಆಕರ್ಷಣೆ

ಮಾನ್ಯ ಸಂಪಾದಕರೇ,

ಬೈಕ್ ಜಾಹೀರಾತುಗಳು ವೇಗವನ್ನೂ ಶೃಂಗಾರವನ್ನೂ ಒಂದೇ ನೊಗಕ್ಕೆ ಹೂಡುವುದರ ಹಿಂದೆ ಮನಃಶಾಸ್ತ್ರದ ಒಂದು ತಿಳಿವಳಿಕೆಯಿದೆ. ವೇಗದಲ್ಲಿ ಅಡ್ರಿನಲಿನ್ ಏರಿ, ಎದೆ ಬಡಿದುಕೊಂಡು, ಉಸಿರು ಚುರುಕಾಗುತ್ತದೆ. ಕಾಮೋದ್ರೇಕದಲ್ಲೂ ಇವೇ ಲಕ್ಷಣಗಳು ಕಾಣಿಸಿಕೊಳ್ಳುವುದರಿಂದ, ಮನಸ್ಸು ಒಂದರಿಂದ ಹುಟ್ಟಿದ ಕಂಪನವನ್ನು ಇನ್ನೊಂದರ ಲೆಕ್ಕಕ್ಕೆ ಬರೆದುಬಿಡಬಹುದು. 1974ರಲ್ಲಿ ಮನಃಶಾಸ್ತ್ರಜ್ಞರಾದ ಡಟನ್ ಮತ್ತು ಆರನ್ ಕೆನಡಾದ, ಎದೆ ನಡುಗಿಸುವ ಕಪಿಲಾನೊ ತೂಗುಸೇತುವೆಯಲ್ಲಿ ಇದನ್ನು ಪರೀಕ್ಷಿಸಿದ್ದರು. 2003ರಲ್ಲಿ ಮೆಸ್ಟನ್ ಮತ್ತು ಫ್ರೋಲಿಚ್ ಪ್ರಕಟಿಸಿದ ಅಧ್ಯಯನದಲ್ಲಿ, ರೋಲರ್ ಕೋಸ್ಟರ್‌ನಿಂದ ಆಗಷ್ಟೇ ಇಳಿದವರಿಗೆ ಭಾವಚಿತ್ರದಲ್ಲಿದ್ದ ಅಪರಿಚಿತ ವ್ಯಕ್ತಿ, ಏರಲು ಕಾದಿದ್ದವರಿಗಿಂತ ಹೆಚ್ಚು ಆಕರ್ಷಕವಾಗಿ ಕಂಡರು. ಆದರೆ ಪ್ರಣಯ ಸಂಗಾತಿಯೊಡನೆ ಬಂದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ನನಗೆ ಹೆಚ್ಚು ಸ್ವಾರಸ್ಯವೆನಿಸಿದ್ದು ಇದೇ. ಜಾಹೀರಾತುಗಳು ಮಾತ್ರ ಈ ‘ಆದರೆ’ಯನ್ನು ಹೇಳುವುದಿಲ್ಲ.

– ನಿವೃತ್ತ ಅಧ್ಯಾಪಕ, ಧಾರವಾಡ