ಕಿಟಕಿ ತೆರದಿಡೋ ಕಾಲ

ಚಿ. ಮಗಳಿಗೆ, ಅಣ್ಣಿಗೇರಿಯಿಂದ ನಿನ್ನ ಚಿಗವ್ವ ಮಾಡೂ ಆಶೀರ್ವಾದ.

ನಾವೆಲ್ಲ ಆರಾಮ ಅದೀವಿ. ಎರಿ ಹೊಲದಾಗ ಜೋಳ ಬಿತ್ತಿದ್ದು ಮುಗದೈತಿ, ಕಡ್ಲಿ ಬಿತ್ತಾಕ ಹದಾ ನೋಡಾಕತ್ತೀವಿ. ಬನ್ನಿ ಹಬ್ಬಕ್ಕ ನೀ ಬರಲಿಲ್ಲ, ಇರಲಿ. ಈ ಪತ್ರದಾಗ ನಾಕು ಬನ್ನಿ ಎಲಿ ಇಟ್ಟೀನಿ, ಬಂಗಾರದಂಗ ಇರು.

ನೀ ಕಳಿಸಿದ ಫೋಟೋ ನೋಡಿದೆ. ಹುಬ್ಬಳ್ಳಿ ಫ್ಲ್ಯಾಟಿನ ಕಿಟಕಿ ಎಲ್ಲಾ ಮುಚ್ಚಿ, ದಾಲ್ಚಿನ್ನಿ ವಾಸನಿ ಮೇಣಬತ್ತಿ ಹಚ್ಚಿ, ಶಾಲು ಹೊಚ್ಚಿಕೊಂಡು ಕುಂತಿದ್ದಿ. ಛಲೋ ಕಾಣತಿದ್ದಿ, ಆದ್ರ ಹಣಿ ಮ್ಯಾಲ ಬೆವರು! ಅದು ಎಲಿ ಕೆಂಪಾಗಿ ಉದುರೋ ದೇಶದವರ ಪದ್ಧತಿ. ಅವರಿಗೆ ಇದು ಮನಿ ಒಳಗ ಸೇರೋ ಕಾಲ. ನಾವು ನಾಕು ತಿಂಗಳ ಮಳಿಗೆ ಒಳಗ ಕುಂತು ಸಾಕಾಗಿ, ಈಗ ಹೊರಗ ಬರೋರು.

ನಮ್ಮ ಆಶ್ವೀಜದ ಸೊಗಸು ದಿನಾ ಪೂರ್ತಿ ಇರೂದಿಲ್ಲ. ಮಧ್ಯಾಹ್ನ 30 ಡಿಗ್ರಿ ಬಿಸಲು ನೆತ್ತಿ ಸುಡತೈತಿ, ನಸಿಕಿನ್ಯಾಗ 20ರ ಆಸುಪಾಸಿಗೆ ಇಳದು ಮೈ ಜುಮ್ ಅಂತೈತಿ. ಸೆಪ್ಟೆಂಬರ್ 22-23ಕ್ಕ ಹಗಲು ರಾತ್ರಿ ಸಮ ಆಗಿ, ಅಲ್ಲಿಂದ ರಾತ್ರಿ ಉದ್ದ ಆಕ್ಕೋತ ಹೊಕ್ಕಾವು. ಮೋಡ ಇರೂತನಕಾ ನೆಲಕ್ಕ ಕೌದಿ ಹೊಚ್ಚಿದಂಗ ಕಾವು ಒಳಗ ಉಳೀತಿತ್ತು. ಈಗ ಮುಗಿಲು ತಿಳಿ ಆಗೈತಿ, ರಾತ್ರಿ ಆ ಕಾವು ಹಾರಿ ಹೋಗತೈತಿ. ಹಿಂಗಾಗಿ ಈ ಕಾಲ ಸಿಗೂದು ನಸುಕಿನ್ಯಾಗ, ಇಲ್ಲಾ ಸಂಜಿಗೆ. ಅವೆರಡು ಹೊತ್ತು ಲ್ಯಾಪ್‌ಟಾಪಿಗೆ ಕೊಡಬ್ಯಾಡ. ಮಧ್ಯಾಹ್ನ ಎಷ್ಟರ ಕೊಡು.

ನಸಿಕಿನ್ಯಾಗ ಹಸಿ ಶುಂಠಿ ಜಜ್ಜಿ ಚಾ ಮಾಡ್ಕೊಂಡು ಟೆರೇಸಿಗೆ ಹೋಗು. ಕೆಳಗ ಕಾಂಪೌಂಡಿನ್ಯಾಗ ಪಾರಿಜಾತ ಐತಿ ಅಂದಿದ್ದೆಲ್ಲಾ, ಅದು ರಾತ್ರಿ ಅರಳಿ ಬೆಳಕಹರಿಯೂದ್ರಾಗ ಉದುರತೈತಿ. ಎಂಟಕ್ಕ ಎದ್ದೋರಿಗೆ ಕಸಾ ಬಳಿಯೋರ ಬುಟ್ಟ್ಯಾಗ ಕಾಣತೈತಿ.

ನಾಳಿ ಬಸ್ಸಿಗೆ ಬರೋರ ಕೈಯಾಗ ಕೌದಿ ಕಳಸಾಕತ್ತೀನಿ. ನಿಮ್ಮ ಅಮ್ಮ ಹಳೇ ಇಳಕಲ್ಲ ಸೀರಿ, ಧೋತರ ಕೂಡಿಸಿ ಹೊಲದದ್ದು. ಮಳಿಗಾಲ ಪೂರ್ತಿ ಟ್ರಂಕಿನ್ಯಾಗ ಇದ್ದು ಮುಗ್ಗು ವಾಸನಿ ಹಿಡದೈತಿ. ತೊಳ್ಯಾಕ ಹೋಗಬ್ಯಾಡ, ನೀರು ಕುಡದ್ರ ಎತ್ತಾಕ ಇಬ್ಬರು ಬೇಕು. ಎರಡು ದಿನ ಬಿಸಲಿಗೆ ಹಾಕು, ನಡುನಡುವ ತಿರುವು, ಕೋಲು ತಗೊಂಡು ಬಡಿ. ಆ ಸುಡೋ ಮಧ್ಯಾಹ್ನ ಇದಕ್ಕ ಉಪಯೋಗ ಬರತೈತಿ ನೋಡು. ಸಂಜಿಗೆ ಮಡಚೂವಾಗ ಒಳಗಿನ ಕಾವು ಕೈಗೆ ಹತ್ತತೈತಿ. ಆವತ್ತ ರಾತ್ರಿ ಕಿಟಕಿ ತೆರದಿಟ್ಟು ಹೊಚ್ಚಿಕೊಂಡು ಮಲಗು.

ಜೋಡಿ ಹಸಿ ಶೇಂಗಾ ಅದಾವ. ಮುಂಗಾರಿ ಶೇಂಗಾ ಈಗ ಕೀಳಾಕತ್ತೀವಿ. ಮಣ್ಣು ಹೋಗೂತನಕಾ ಮೂರ್ನಾಕು ನೀರಾಗ ತೊಳದು, ಸಿಪ್ಪಿ ಸುದ್ದಾ ಕುಕ್ಕರಿಗೆ ಹಾಕು. ಉಪ್ಪು ಕೈಬಿಟ್ಟು ಹಾಕು, ಅರ್ಧ ಸಿಪ್ಪಿಗೇ ಹೋಗತೈತಿ. ಕುದ್ದ ಕೂಡ್ಲೆ ಬಸಿಬ್ಯಾಡ, ಅದ ನೀರಾಗ ಅರ್ಧ ತಾಸು ಬಿಡು, ಉಪ್ಪು ಕಾಳಿಗೆ ಇಳೀಬೇಕು. ಒಂದೊಂದ ಸುಲದು ತಿನ್ನೋವು ಇವು. ಕೈ ತೊಯ್ದಿರತಾವು, ಫೋನ್ ಹಿಡಿಯಾಕ ಆಗೂದಿಲ್ಲ, ಅದೂ ಒಂದು ಛಲೋನ ಆತು. ಎದರ ಮನಿಯವರನ್ನೂ ಟೆರೇಸಿಗೆ ಕರಿ. ಅಲ್ಲಿಗೆ ಹೋಗಿ ವರ್ಷ ಆತು, ಅವರ ಹೆಸರು ಸುದ್ದಾ ನಿನಗ ಗೊತ್ತಿಲ್ಲ. ಇದು ನನಗ ಬರೋಬ್ಬರಿ ಕಾಣೂದಿಲ್ಲವಾ. ಚಿತ್ತಿ ಮಳಿ ಗುಡುಗಿ ಬಂತಂದ್ರ ಅವರ ಮನಿಗೇ ಹೋಗಿ ಕುಂದ್ರು. ಗಿರ್ಮಿಟ್, ಮಿರ್ಚಿ ಬ್ಯಾಡ ಅನ್ನೂದಿಲ್ಲ, ದಿನಾ ತರಸಬ್ಯಾಡ ಅಷ್ಟ.

ಮೇಣಬತ್ತಿ ಒಗೀಬ್ಯಾಡ. ರೊಕ್ಕಾ ಕೊಟ್ಟು ತಂದೀದಿ, ಕರೆಂಟ್ ಹೋದಾಗ ಹಚ್ಚು.

ಬನ್ನಿ ಮುಗದ ಐದನೇ ದಿನಕ್ಕ ಶೀಗಿ ಹುಣ್ಣಿವಿ. ಭೂಮಿತಾಯಿ ಬಸುರಿ, ಆಕಿಗೆ ಬಯಕಿ ಊಟ ಮಾಡಸೂ ದಿನ. ನಸಿಕಿನ್ಯಾಗ ಒಲಿ ಹೊತ್ತಸ್ತೀವಿ: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹೋಳಿಗಿ, ಕರಚಿಕಾಯಿ. ಬುಟ್ಟಿ ಹೊತಗೊಂಡು ಹೊಲಕ್ಕ ಹೋಗಿ, ಐದು ಕಲ್ಲು ಪಾಂಡವರಂತ ಇಟ್ಟು ಪೂಜಿ ಮಾಡಿ, ಚರಗ ಅಂತ ಎಡಿ ಹೊಲದಾಗ ಚೆಲ್ಲಿ ಅಲ್ಲೇ ಉಣ್ಣೂದು. ರಜಾ ಸಿಗಲಿಲ್ಲಂದ್ರ ಆವತ್ತ ರಾತ್ರಿ ಟೆರೇಸಿನ ಮ್ಯಾಲ ಬೆಳದಿಂಗಳಾಗ ಕೇಸರಿ ಹಾಲು ಕುಡಿ. ಕೋಜಾಗರಿ ಅಂತ ನಿಮ್ಮ ಊರಾಗೂ ಮಾಡತಾರ. ಆದ್ರ ಬರೂದ ಛಲೋ, ರೊಟ್ಟಿ ಬಡ್ಯಾಕ ನಮಗ ಒಬ್ಬರು ಕಮ್ಮಿ ಬಿದ್ದಾರ. ಹಿಂದಿನ ದಿನಾನ ಗದಗ ಬಸ್ಸು ಹತ್ತು, ನಮ್ಮ ಊರು ಹಾದ್ಯಾಗ ಐತಿ. ಹತ್ತಿದ ಕೂಡ್ಲೆ ಫೋನ್ ಮಾಡು, ನಿಮ್ಮ ಚಿಗಪ್ಪ ಸ್ಟ್ಯಾಂಡಿಗೆ ಬರತಾರ.

ಇಂತಿ,
ನಿನ್ನ ಚಿಗವ್ವ